ಐದು ನಿಮಿಷ ಹಿಂದಿನ ಚಿಕ್ಕಪ್ಪ

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ, ನಿಧಾನವಾದ ವೆಬ್‌ಸೈಟುಗಳನ್ನು ಓಡಿಸುವುದು ಎನ್ನುತ್ತೇನೆ. ಕೇಳಿದವರು "ಓಹೋ, ಕಂಪ್ಯೂಟರ್" ಎಂದು ತಲೆಯಾಡಿಸಿ, ತಮ್ಮ ಮನೆಯ ಪ್ರಿಂಟರ್ ಕೆಟ್ಟಿರುವ ವಿಷಯ ತೆಗೆಯುತ್ತಾರೆ. ನೆಂಟರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಪಾಲಿಗೆ ಮಿಕ್ಸಿ, ಟಿವಿ, ಮದುವೆ ವೀಡಿಯೊ ಎಲ್ಲವೂ ನನ್ನ ಇಲಾಖೆಗೇ ಬರುತ್ತವೆ. ಅದಕ್ಕೇ ನೆಂಟರ ಫೋನ್ ಬಂದರೆ ಮೂರ್ನಾಲ್ಕು ಸಲ ರಿಂಗಾಗಲು ಬಿಟ್ಟು, ಧೈರ್ಯ ತಂದುಕೊಂಡು, ಆಮೇಲೆ ಎತ್ತುತ್ತೇನೆ.

ಚಿಕ್ಕಮ್ಮನ ಫೋನನ್ನು ಮಾತ್ರ ಮೊದಲ ರಿಂಗಿಗೇ ಎತ್ತುತ್ತೇನೆ. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ನನಗೆ ದಿನಾ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳು. ಅವಳ ಮುಂದೆ ನನ್ನ ಜಂಬ ನಡೆಯುವುದಿಲ್ಲ.

"ನಿನ್ನ ಚಿಕ್ಕಪ್ಪನ ವೆಬ್‌ಸೈಟ್ ತುಂಬಾ ನಿಧಾನ ಆಗಿದೆ ಕಣೇ," ಎಂದಳು ಆ ಗುರುವಾರ. "ಕೆಲಸಕ್ಕೆ ಕರೆಯೋರೇ ಕಮ್ಮಿ ಆಗಿಬಿಟ್ಟಿದ್ದಾರೆ. ಸೋಮವಾರದೊಳಗೆ ಏನಾದ್ರೂ ಮಾಡೋಕಾಗುತ್ತಾ ನೋಡು."

ಸೋಮವಾರ ಯಾಕೆಂದು ಕೇಳಿದೆ. ಚಿಕ್ಕಮ್ಮನ ತಮ್ಮನದೊಂದು ದೊಡ್ಡ ಗೋಡೌನ್ ಇದೆ. ಅದರ ಗೇಟಿನಲ್ಲಿ ಕೂತು, ಬಂದ ಲಾರಿಗೆಲ್ಲ ಬಾಗಿಲು ತೆಗೆದು ಮುಚ್ಚಲು ನಂಬಿಕಸ್ಥರೊಬ್ಬರು ಬೇಕಂತೆ. ಭಾವನೇ ಬರಲಿ ಎಂದು ಆತ ಹೇಳಿ ಕಳಿಸಿದ್ದಾನೆ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲ ಅಂದರೆ ಬೇರೆಯವರನ್ನು ನೋಡಿಕೊಳ್ಳುತ್ತಾನೆ.

"ಚಿಕ್ಕಪ್ಪ ಏನಂತಾರೆ?"

"ಏನೂ ಅನ್ನಲ್ಲ. ಅದೇ ನನಗೆ ಭಯ," ಎಂದಳು.

ನನ್ನ ಚಿಕ್ಕಪ್ಪ ಬೀಗ ರಿಪೇರಿ ಮಾಡುವವರು. ಮೂವತ್ತನಾಲ್ಕು ವರ್ಷದಿಂದ ಅದೇ ಕಸುಬು. ಕೀ ಕಳೆದುಹೋದ ಬೀರು, ತುಕ್ಕು ಹಿಡಿದ ಶಟರ್, ತಾನಾಗಿ ಮುಚ್ಚಿಕೊಂಡ ಬಾಗಿಲು, ಯಾವುದೇ ಇರಲಿ, ಅದಕ್ಕೆ ಕಿವಿ ಹಚ್ಚಿ, ತಂತಿಯ ಕೊಕ್ಕೆ ಒಳಗಿಟ್ಟು, ಕಣ್ಣು ಮುಚ್ಚಿ ಕೂತುಬಿಡುತ್ತಾರೆ. ಒಳಗೆ ಟಿಕ್ ಎಂದರೆ ಅವರ ಎಡ ಹುಬ್ಬು ಮೇಲೇರುತ್ತದೆ. ಚಿಕ್ಕವಳಿದ್ದಾಗ ನಾನು ಬೀಗ ನೋಡುತ್ತಿರಲಿಲ್ಲ, ಆ ಹುಬ್ಬನ್ನೇ ನೋಡುತ್ತಿದ್ದೆ. ಅಂಥ ಮನುಷ್ಯ ಇಡೀ ದಿನ ಒಂದೇ ಗೇಟಿನ ಒಂದೇ ಕೀ ತಿರುಗಿಸುತ್ತಾ ಕೂರುವುದನ್ನು ನೆನೆದು ನನಗೆ ಸಂಕಟವಾಯಿತು.

ಅವರ ಕಸುಬಿಗೆ ವೆಬ್‌ಸೈಟ್ ಎಷ್ಟು ಮುಖ್ಯ ಎನ್ನುವುದು ಹೊರಗಿನವರಿಗೆ ಹೊಳೆಯುವುದಿಲ್ಲ. ಬೀಗದವರನ್ನು ಹುಡುಕುವವರು ಮನೆಯಲ್ಲಿ ಕಾಲು ಚಾಚಿಕೊಂಡು ಹುಡುಕುವುದಿಲ್ಲ. ಹೊರಗೆ ನಿಂತಿರುತ್ತಾರೆ. ಒಳಗೆ ಒಲೆಯ ಮೇಲೆ ಹಾಲಿರುತ್ತದೆ, ಇಲ್ಲವೇ ಮಗು ಮಲಗಿರುತ್ತದೆ. ಕೈಯಲ್ಲಿ ಅರ್ಧ ಬ್ಯಾಟರಿಯ ಫೋನ್. ಪುಟ ತೆರೆಯುತ್ತದೆಯೇ ಎಂದು ಐದು ಎಣಿಸುವಷ್ಟು ಹೊತ್ತು ನೋಡುತ್ತಾರೆ, ತೆರೆಯದಿದ್ದರೆ ಅದರ ಕೆಳಗಿರುವ ಇನ್ನೊಬ್ಬ ಬೀಗದವನನ್ನು ಒತ್ತುತ್ತಾರೆ. ಅವರನ್ನು ಬೈಯುವ ಹಾಗೂ ಇಲ್ಲ.

ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತು ಅಂಗಡಿಗೆ ಹೋದೆ. ಅಂಗಡಿ ಎಂದರೆ ಒಂದೇ ಕೋಣೆ. ಒಂದು ಗೋಡೆಯ ತುಂಬ ಕೊಕ್ಕೆಗಳು, ಪ್ರತಿ ಕೊಕ್ಕೆಗೂ ಇನ್ನೂ ಹಲ್ಲು ಕೊರೆಯದ ಕೀಗಳ ಗೊಂಚಲು. ಬಾಗಿಲ ಪಕ್ಕ ಕೀ ಕೊರೆಯುವ ಯಂತ್ರ, ಅದರ ಕೆಳಗೆ ಹಿತ್ತಾಳೆಯ ಪುಡಿ. ಮೂಲೆಯ ಮೇಜು ಚಿಕ್ಕಮ್ಮನದು. ಅವಳು ಇಪ್ಪತ್ತೆಂಟು ವರ್ಷ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಆ ಆಫೀಸು ಮುಚ್ಚಿದ ಮೇಲೆ, ಬೆರಳು ಸುಮ್ಮನಿರಲಾರದೆ, ಆರು ತಿಂಗಳ ವೆಬ್‌ಸೈಟ್ ಕೋರ್ಸಿಗೆ ಸೇರಿ, ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾಗಿ ಕೂತು, ಕಲಿತಳು. ಈ ಸೈಟು ಅವಳದೇ ಕೈಕೆಲಸ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನನ್ನ ದೊಡ್ಡ ದೊಡ್ಡ ಗಿರಾಕಿಗಳ ಸೈಟುಗಳಿಗೆ ಈ ಮಾತು ಹೇಳಲಾರೆ.

"ಬಂದ್ರಾ ಇಂಜಿನಿಯರಮ್ಮ," ಎಂದರು ಚಿಕ್ಕಪ್ಪ, ಅರದಿಂದ ಕೀ ಉಜ್ಜುತ್ತಲೇ. "ನಿಮ್ಮ ಚಿಕ್ಕಮ್ಮ ನಿನ್ನೆಯಿಂದ ನಿಮ್ಮನ್ನ ಕಾಯ್ತಿದ್ದಾಳೆ. ನನಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿಲ್ಲ."

ಸೈಟ್ ತೆರೆದೆ. ಎರಡು ಸೆಕೆಂಡಿಗೆ ಬಂತು. ಮತ್ತೆ ತೆರೆದೆ, ಮತ್ತೆ ಎರಡೇ ಸೆಕೆಂಡು.

"ಎಲ್ಲಿ ನಿಧಾನ?" ಎಂದೆ.

"ನಿನ್ನೆ ಮಧ್ಯಾಹ್ನ ನೀನು ನೋಡಬೇಕಿತ್ತು," ಎಂದಳು ಚಿಕ್ಕಮ್ಮ. "ಆ ಚಕ್ರ ತಿರುಗ್ತಾನೇ ಇತ್ತು."

"ಡಾಕ್ಟರ ಎದುರು ಕೂತ ತಕ್ಷಣ ಹಲ್ಲುನೋವು ಹೋಗಲ್ವಾ, ಹಾಗೆ," ಎಂದರು ಚಿಕ್ಕಪ್ಪ.

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಸುಮಾರು ಎಂಟು ತಿಂಗಳಿಂದ ಎಂದಳು. ಆಗಾಗ ಚೆನ್ನಾಗಿ ಓಡುತ್ತದೆ, ಆಗಾಗ ಹಟ ಹಿಡಿದು ನಿಂತುಬಿಡುತ್ತದೆ. ಇಂಥ ರೋಗವೇ ನನಗೆ ಆಗದು. ಸದಾ ಕೆಟ್ಟಿರುವುದನ್ನು ರಿಪೇರಿ ಮಾಡಬಹುದು. ಮನಸ್ಸು ಬಂದಾಗ ಕೆಡುವುದನ್ನು ಕಟ್ಟಿಕೊಂಡು ಏಗುವುದು ಕಷ್ಟ.

ಸೈಟಿನ ಹಿಂಬಾಗಿಲಿನಿಂದ ಒಳಗೆ ಹೋಗಿ ಪ್ಲಗಿನ್‌ಗಳ ಪಟ್ಟಿ ತೆರೆದೆ. ಪ್ಲಗಿನ್ ಎಂದರೆ ಸೈಟಿಗೆ ಆಮೇಲೆ ತಂದು ಜೋಡಿಸುವ ಬಿಡಿಭಾಗ, ಸೈಕಲ್ಲಿಗೆ ಬುಟ್ಟಿ, ಬೆಲ್ಲು ಹಾಕಿಸಿದ ಹಾಗೆ. ಪಟ್ಟಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಳ್ಳರನ್ನು ತಡೆಯುವ ಪ್ಲಗಿನ್ ಒಂದಲ್ಲ, ಎರಡಲ್ಲ, ಮೂರಿದ್ದವು.

"ಇದು ಯಾರ ಕೆಲಸ?"

"ನಂದು," ಎಂದರು ಚಿಕ್ಕಪ್ಪ ಹೆಮ್ಮೆಯಿಂದ. "ನಾನು ಹೇಳಿದೆ, ಅವಳು ಹಾಕಿದಳು. ಬೀಗದವನ ಅಂಗಡಿಗೇ ಕನ್ನ ಹಾಕಿದ್ರು ಅಂತ ನಾಳೆ ಊರೆಲ್ಲ ನಗಬಾರದಲ್ಲ."

"ಚಿಕ್ಕಪ್ಪ, ಈ ಮೂರು ಕಾವಲುಗಾರರು ಮನೆ ಕಾಯ್ತಿಲ್ಲ. ದಿನವಿಡೀ ಒಬ್ಬರ ಜೇಬು ಒಬ್ಬರು ತಡಕ್ತಾ ಕೂತಿದ್ದಾರೆ."

ಎರಡನ್ನು ತೆಗೆದುಹಾಕಿದೆ. ಸೈಟು ಒಂದೇ ಸೆಕೆಂಡಿಗೆ ತೆರೆಯಿತು. ಚಿಕ್ಕಪ್ಪ ಮುಖ ಊದಿಸಿಕೊಂಡು ಮತ್ತೆ ಅರ ಹಿಡಿದರು. ನಾನು ಮಾತ್ರ ಗೆದ್ದೆ ಎಂದುಕೊಂಡೆ.

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ನನ್ನ ಕಸುಬಿನಲ್ಲಿ ಒಂದು ಕ್ರಮವಿದೆ. ಮೊದಲು ಎಲ್ಲ ಪ್ಲಗಿನ್‌ಗಳನ್ನೂ ದೀಪದ ಹಾಗೆ ಆರಿಸಬೇಕು, ಆಮೇಲೆ ಒಂದೊಂದಾಗಿ ಹಚ್ಚುತ್ತಾ, ಯಾವುದು ಹಚ್ಚಿದಾಗ ಸೈಟು ಏದುಸಿರು ಬಿಡುತ್ತದೆಂದು ನೋಡಬೇಕು. ಯಾವುದನ್ನೂ ಬಿಡುವಂತಿಲ್ಲ. ಪಟ್ಟಿಯ ಕೊನೆಯಲ್ಲಿ 'ಅಂಗಡಿ ವೇಳೆ' ಎನ್ನುವ ಸಣ್ಣದೊಂದು ಇತ್ತು. ನನ್ನ ಕೈ ಅದರತ್ತ ಹೋದಾಗ ಚಿಕ್ಕಮ್ಮ, "ಅದು ನಾನೇ ಬರೆದಿದ್ದು ಕಣೇ. ಅಂಗಡಿ ತೆರೆದಿದೆಯೋ ಇಲ್ವೋ ಅಂತ ತೋರಿಸುತ್ತೆ, ಅಷ್ಟೇ. ಅದನ್ನ ಮುಟ್ಟಬೇಡ," ಎಂದಳು. ಬೇರೆ ಯಾರಾದರೂ ಹೀಗೆಂದಿದ್ದರೆ ಮೊದಲು ಅದಕ್ಕೇ ಕೈ ಹಾಕುತ್ತಿದ್ದೆ. ಅರವತ್ತೊಂದು ವರ್ಷದ ಹೆಂಗಸು ತಾನೇ ಬರೆದದ್ದು ಎಂದಾಗ ನನಗೆ ಮನಸ್ಸು ಬರಲಿಲ್ಲ. ಬಿಟ್ಟೆ.

ಅಷ್ಟರಲ್ಲಿ ಅಂಗಡಿಯ ಫೋನ್ ರಿಂಗಾಯಿತು. ಚಿಕ್ಕಮ್ಮ ಎತ್ತಿ, ಅರ್ಧ ಮಾತು ಕೇಳಿ ಚಿಕ್ಕಪ್ಪನಿಗೆ ಕೊಟ್ಟಳು. ಅವರು ಹೂಂ, ಹೂಂ ಎಂದು ಚೀಲ ಹೆಗಲಿಗೇರಿಸಿದರು.

"ಎಲ್ಲಿಗೆ?" ಎಂದಳು ಚಿಕ್ಕಮ್ಮ.

"ಬಂದ್ಬಿಡ್ತೀನಿ."

ಇದೂ ಅವರ ಕಸುಬಿನ ಕ್ರಮವೇ. ಯಾರ ಬೀಗ ತೆಗೆದೆ, ಯಾವ ಬಾಗಿಲು ತೆಗೆದೆ ಎಂದು ಯಾರಿಗೂ ಹೇಳಬಾರದು, ಹೆಂಡತಿಗೂ ಹೇಳಬಾರದು ಎಂದು ಅವರಿಗೆ ಕೆಲಸ ಕಲಿಸಿದ ಹಿರಿಯರು ಮಾತು ತೆಗೆದುಕೊಂಡಿದ್ದರಂತೆ. ಯಾರ ಮನೆಯ ಬೀಗ ಸಡಿಲ ಎನ್ನುವುದು ಬೀಗದವನ ಬಾಯಿಂದ ಹೊರಬಿದ್ದರೆ ಅವನನ್ನು ಮತ್ತೆ ಯಾರು ಒಳಗೆ ಬಿಡುತ್ತಾರೆ? ಮೂವತ್ತನಾಲ್ಕು ವರ್ಷ ಚಿಕ್ಕಪ್ಪ ತುಟಿ ಪಿಟಕ್ಕೆಂದಿಲ್ಲ.

ಅವರು ಹೋದರು. ನಾನು ಟೀ ಕುಡಿದೆ. ಚಿಕ್ಕಮ್ಮ ತನ್ನ ಫೋನ್ ನೋಡುತ್ತಾ ಕೂತಳು. ಯಾರೋ ಮೆಸೇಜು ಕಳಿಸುತ್ತಿರಬೇಕು ಎಂದುಕೊಂಡೆ. ಹೊರಡುವ ಮುಂಚೆ ಕೊನೆಯ ಸಲ ನೋಡಿಬಿಡೋಣ ಎಂದು ಸೈಟ್ ಒತ್ತಿದೆ.

ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಐದು ಎಣಿಸಿದೆ, ಹದಿನೈದು ಎಣಿಸಿದೆ, ನಲವತ್ತಕ್ಕೆ ಎಣಿಸುವುದನ್ನು ಬಿಟ್ಟು ಬೈಯತೊಡಗಿದೆ.

"ನಾನು ಹೇಳಲಿಲ್ವಾ," ಎಂದಳು ಚಿಕ್ಕಮ್ಮ, ಫೋನಿನಿಂದ ಕಣ್ಣು ತೆಗೆಯದೆ.

ನನಗೆ ಅವಮಾನವಾಯಿತು. ಅರ್ಧ ಗಂಟೆಯ ಹಿಂದೆ ಜಂಬ ಕೊಚ್ಚಿಕೊಂಡಿದ್ದೆನಲ್ಲ. ಸರ್ವರಿನ ದಾಖಲೆ ತೆರೆದೆ. ಯಾರು ಯಾವ ಹೊತ್ತಿಗೆ ಯಾವ ಪುಟ ಕೇಳಿದರು ಎನ್ನುವುದು ಅಲ್ಲಿ ಸಾಲುಸಾಲಾಗಿ ಬೀಳುತ್ತಿರುತ್ತದೆ. ಚಿಕ್ಕಪ್ಪನ ಸೈಟು ಇರುವುದು ಸಣ್ಣ ಸರ್ವರಿನಲ್ಲಿ. ಟಿಕೆಟ್ ಕೊಡುವ ಕಡೆ ನಾಲ್ಕೇ ಕಿಟಕಿಗಳಿದ್ದ ಹಾಗೆ, ಒಂದು ಹೊತ್ತಿಗೆ ನಾಲ್ಕು ಜನರಿಗೆ ಮಾತ್ರ ಉತ್ತರ ಸಿಗುತ್ತದೆ, ಉಳಿದವರು ಸಾಲಿನಲ್ಲಿ ನಿಲ್ಲಬೇಕು. ಆಗ ನಾಲ್ಕೂ ಕಿಟಕಿ ಭರ್ತಿಯಾಗಿದ್ದವು. ನಾಲ್ಕರ ಮುಂದೆಯೂ ನಿಂತಿದ್ದದ್ದು ಒಬ್ಬರೇ. ಒಂದು ಕಿಟಕಿಯಲ್ಲಿ ಉತ್ತರ ಬರುವುದರೊಳಗೆ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಅದನ್ನೇ ಕೇಳಿದ್ದರು. ಹೊರಗೆ ಸಾಲಿನಲ್ಲಿ ಮೂರು ಜನ ಅಪರಿಚಿತರು ಕಾಯುತ್ತಿದ್ದರು. ನಾನು ನೋಡುತ್ತಿದ್ದಂತೆಯೇ ಮೊದಲನೆಯವರು ಹೊರಟುಹೋದರು. ಹಿಂದೆಯೇ ಎರಡನೆಯವರೂ ಹೋದರು.

ಯಾವನಪ್ಪಾ ಇವನು, ಪಕ್ಕದ ಬೀದಿಯ ಬೀಗದವನೇ ಬೇಕೆಂದು ಮಾಡುತ್ತಿದ್ದಾನೋ ಏನೋ ಎಂದು ನನ್ನ ತಲೆ ಬಿಸಿಯಾಯಿತು. ಎಲ್ಲಿಂದ ಕೇಳುತ್ತಿದ್ದಾನೆಂದು ಹುಡುಕಿದೆ. ಈ ಅಂಗಡಿಯ ವೈಫೈಯಿಂದಲೇ. ಅಂಗಡಿಯಲ್ಲಿದ್ದವರು ಇಬ್ಬರು. ನಾನು, ಮತ್ತು ಫೋನ್ ಹಿಡಿದು ಕೂತ ಚಿಕ್ಕಮ್ಮ. ಅವಳ ಹೆಬ್ಬೆರಳು ಪರದೆಯನ್ನು ಕೆಳಗೆ ಎಳೆದು ಬಿಡುತ್ತಿತ್ತು, ಸ್ವಲ್ಪ ಹೊತ್ತು ಕಾದು ಮತ್ತೆ ಎಳೆದು ಬಿಡುತ್ತಿತ್ತು.

ನಾನು 'ಅಂಗಡಿ ವೇಳೆ'ಯನ್ನು ಬಿಚ್ಚಿ ನೋಡಿದೆ. ಬರೆದ ತಾರೀಕು ಎಂಟು ತಿಂಗಳ ಹಿಂದಿನದು. ಯಾರೇ ಪುಟ ತೆರೆದರೂ ಆ ಪ್ಲಗಿನ್ ಮೊದಲು ಚಿಕ್ಕಪ್ಪನ ಫೋನಿಗೆ, ಅವರಿಗೇ ತಿಳಿಯದಂತೆ, ನೀನು ಎಲ್ಲಿದ್ದೀಯ ಎಂದು ಕೇಳುತ್ತಿತ್ತು. ಉತ್ತರ ಬರುವ ತನಕ ಪುಟವನ್ನು ಕೊಡುತ್ತಿರಲಿಲ್ಲ. ಗಿರಾಕಿಗಳಿಗೆ ಕಾಣುತ್ತಿದ್ದದ್ದು 'ಅಂಗಡಿ ತೆರೆದಿದೆ' ಎಂಬುದಷ್ಟೇ. ಚಿಕ್ಕಮ್ಮ ತನ್ನ ಗುಟ್ಟಿನ ಪದ ಹಾಕಿ ಒಳಗೆ ಬಂದರೆ ಮಾತ್ರ ಕೆಳಗೆ ಸಣ್ಣಕ್ಷರದಲ್ಲಿ ಬೀದಿಯ ಹೆಸರು ಕಾಣುತ್ತಿತ್ತು. ಚಿಕ್ಕಪ್ಪ ಅಂಗಡಿಯಲ್ಲೋ ಬೀದಿಯಲ್ಲೋ ಇದ್ದರೆ ಫೋನ್ ಥಟ್ಟನೆ ಉತ್ತರ ಕೊಡುತ್ತದೆ, ಸೈಟು ಓಡುತ್ತದೆ. ಅವರು ಸಿಗ್ನಲ್ ಇಲ್ಲದ ನೆಲಮಾಳಿಗೆಗೆ ಇಳಿದರೆ ಪ್ಲಗಿನ್ ಕಾಯುತ್ತದೆ, ಅದರೊಂದಿಗೆ ಎಲ್ಲರೂ ಕಾಯುತ್ತಾರೆ. ನಾನು ಬೆಳಿಗ್ಗೆ ಪರೀಕ್ಷೆ ಮಾಡುವಾಗ ಅವರು ನನ್ನ ಪಕ್ಕದಲ್ಲೇ ಕೂತು ಕೀ ಉಜ್ಜುತ್ತಿದ್ದರು.

ಪ್ರೋಗ್ರಾಂ ಬರೆಯುವವರು ನಡುನಡುವೆ ತಮಗೇ ಗುರುತಿರಲಿ ಎಂದು ಟಿಪ್ಪಣಿ ಬರೆದಿಡುತ್ತಾರೆ. ಚಿಕ್ಕಮ್ಮನೂ ಬರೆದಿದ್ದಳು. ಇಪ್ಪತ್ತು ಸೆಕೆಂಡು ಕಾಯಲು ಹೇಳಿದ ಕಡೆ, 'ಅವರು ನಿಧಾನ, ಅವಸರ ಮಾಡಬೇಡ' ಎಂದಿತ್ತು. ಅದರ ಕೆಳಗೆ, ಉತ್ತರ ಬರದಿದ್ದರೆ ಮತ್ತೆ ಕೇಳುವ ಕಡೆ, 'ನೆಲಮಾಳಿಗೆಯಲ್ಲಿ ಇರಬಹುದು, ಇನ್ನೊಮ್ಮೆ ಕೇಳು' ಎಂದಿತ್ತು. ಅದರ ಕೆಳಗೆ, 'ಇನ್ನೊಮ್ಮೆ.'

ಇಷ್ಟು ವರ್ಷದಲ್ಲಿ ಎಂಥೆಂಥವರೋ ಬರೆದದ್ದನ್ನು ಓದಿದ್ದೇನೆ. ಓದುತ್ತಾ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು.

"ಚಿಕ್ಕಮ್ಮ, ಇದು ಅಂಗಡಿ ವೇಳೆ ತೋರಿಸೋದಕ್ಕಲ್ಲ ಅಲ್ವಾ?" ಎಂದೆ.

ಅವಳ ಹೆಬ್ಬೆರಳು ನಿಂತಿತು. ಸ್ವಲ್ಪ ಹೊತ್ತು ಯಂತ್ರದ ಕೆಳಗಿನ ಹಿತ್ತಾಳೆ ಪುಡಿಯನ್ನೇ ನೋಡಿದಳು. ಆಮೇಲೆ ಹೇಳಿದಳು. ಕಳೆದ ವರ್ಷ ಒಂದು ದಿನ ಚಿಕ್ಕಪ್ಪ ಎಂದಿನಂತೆ 'ಬಂದ್ಬಿಡ್ತೀನಿ' ಎಂದು ಹೋದವರು ಊಟದ ಹೊತ್ತಾದರೂ ಬರಲಿಲ್ಲ. ಫೋನ್ ಹೋಗಲಿಲ್ಲ. ಯಾವ ಕಟ್ಟಡ, ಯಾವ ಬೀದಿ, ಯಾವುದೂ ಇವಳಿಗೆ ಗೊತ್ತಿಲ್ಲ. ಅವರು ಒಂದು ದೊಡ್ಡ ಕಟ್ಟಡದ ಕೆಳಗಿನ ಸ್ಟೋರ್ ರೂಮಿನ ಮುಂದೆ ತಲೆ ಸುತ್ತಿ ಬಿದ್ದಿದ್ದರು. ಕೆಲಸಕ್ಕೆ ಕರೆದವರು ಕೀ ಮಾಡಿಡಿ ಎಂದು ಹೇಳಿ ಹೊರಗೆ ಹೋಗಿದ್ದರು. ನಾಲ್ಕು ಗಂಟೆ ಕಾಲ ಕಳೆದ ಮೇಲೆ ನೆಲ ಒರೆಸುವ ಹೆಂಗಸು ನೋಡಿ ಕೂಗಿಕೊಂಡಳಂತೆ.

"ನಮಗೆ ಯಾರಿಗೂ ಹೇಳಲಿಲ್ವಲ್ಲ," ಎಂದೆ.

"ಹೇಳಬೇಡ ಅಂದ್ರು. ಏನೂ ಆಗಿಲ್ಲ, ತಿಂಡಿ ತಿಂದಿರಲಿಲ್ಲ ಅಷ್ಟೇ ಅಂದ್ರು. ಕೆಲಸದ ನಡುವೆ ಫೋನ್ ಮಾಡಬೇಡ, ಕೈ ಅದುರಿ ಕೊಕ್ಕೆ ಮುರಿಯುತ್ತೆ ಅಂದ್ರು. ನಾನು ಮಾಡಲಿಲ್ಲ." ಅವಳು ಸೆರಗಿನಿಂದ ಫೋನಿನ ಗಾಜು ಒರೆಸಿದಳು. "ಆ ನಾಲ್ಕು ಗಂಟೆ ನಾನು ಇದೇ ಕುರ್ಚಿ ಮೇಲೆ ಕೂತಿದ್ದೆ ಕಣೇ. ಎದ್ದು ಎಲ್ಲಿಗೆ ಹೋಗಲಿ? ಯಾವ ಕಡೆಗೆ ಅಂತ ಹೋಗಲಿ? ಅದಕ್ಕೇ ಇದನ್ನ ಬರೆದೆ. ಕೊನೇಪಕ್ಷ ಯಾವ ಬೀದಿಗೆ ಓಡಬೇಕು ಅಂತ ಗೊತ್ತಿರಲಿ ಅಂತ."

ಸೈಟನ್ನು ನಿಲ್ಲಿಸುತ್ತಿರುವುದು ಇದೇ ಎಂದು ಈಗ ನಾನು ಹೇಳಬೇಕಿತ್ತು. ಹೇಳದೆ, ಗುಟ್ಟಾಗಿ ಸರಿಮಾಡಿ, ಸರ್ವರ್ ಕೆಟ್ಟಿತ್ತು ಎಂದು ಎದ್ದುಹೋಗಬಹುದಿತ್ತು. ಒಂದು ಕ್ಷಣ ಹಾಗೇ ಮಾಡೋಣ ಎನ್ನಿಸಿತು. ಆದರೆ ಆ ಹೆಬ್ಬೆರಳು ನಾಳೆಯೂ ಎಳೆಯುತ್ತದೆ. ಮೇಲಾಗಿ ಅವಳು ಈ ಕೆಲಸ ಕಲಿತವಳು, ಅವಳಿಗೆ ಸುಳ್ಳು ಹೇಳುವುದು ನನಗೆ ಸರಿ ಕಾಣಲಿಲ್ಲ. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ, ಆ ನಾಲ್ಕು ಕಿಟಕಿಗಳನ್ನು ತೋರಿಸಿದೆ. ಅವರು ಕೆಳಗೆ ಇಳಿದಾಗ ನೀನು ಒಂದು ಸಲ ಒತ್ತಿದರೆ ಒಂದು ಕಿಟಕಿ ಒಂದು ನಿಮಿಷ ಮುಚ್ಚಿರುತ್ತದೆ ಎಂದೆ. ಇವತ್ತು ಬೆಳಿಗ್ಗೆಯಿಂದ ನೀನು ಒತ್ತಿದ್ದು ಇಷ್ಟು ಸಲ ಎಂದೆ. ಉಳಿದದ್ದನ್ನು ಹೇಳಬೇಕಾಗಲಿಲ್ಲ.

"ಅಂದ್ರೆ ನಾನೇ," ಎಂದಳು.

"ನೀನೊಬ್ಬಳೇ ಅಲ್ಲ. ಗಿರಾಕಿಗಳು ಬಂದ್ರೂ ಅದು ಕೇಳುತ್ತೆ..."

"ನಾನೇ ಕಣೇ. ಬಾಗಿಲಿಗೆ ಅಡ್ಡ ನಿಂತಿದ್ದೋಳು ನಾನೇ. ಅವರನ್ನ ಗೋಡೌನಿಗೆ ಕಳಿಸ್ತಿರೋಳೂ ನಾನೇ." ಅವಳು ಅಳಲಿಲ್ಲ. ಮೇಜಿನ ಮೇಲಿದ್ದ ಕೀಗಳನ್ನು ಉದ್ದದ ಪ್ರಕಾರ ಜೋಡಿಸಿದಳು, ಮತ್ತೆ ಕೆದರಿದಳು. "ತೆಗೆದುಹಾಕು. ಈಗಲೇ ತೆಗೆ, ಅವರು ಬರೋದ್ರೊಳಗೆ."

ತೆಗೆಯುವುದು ಒಂದು ಗುಂಡಿ ಒತ್ತುವ ಕೆಲಸ. ನನ್ನ ಬೆರಳು ಅದರ ಮೇಲೇ ಇತ್ತು. ಒತ್ತಲಿಲ್ಲ. ನಿಧಾನ ಮಾಡುವುದನ್ನು ಕಿತ್ತೆಸೆಯುವುದೇ ನನ್ನ ಅನ್ನ, ಅದರಲ್ಲಿ ನನಗೆ ಯಾವ ದಾಕ್ಷಿಣ್ಯವೂ ಇಲ್ಲ. ಆದರೆ ಇದನ್ನು ಕಿತ್ತರೆ ಅವಳು ನಾಳೆಯಿಂದ ಮತ್ತೆ ಆ ಕುರ್ಚಿಯ ಮೇಲೆ, ಯಾವ ಬೀದಿ ಎಂದೂ ತಿಳಿಯದೆ ಕೂರಬೇಕು.

"ತೆಗೆಯೋದು ಬೇಡ. ಅದನ್ನ ಬಾಗಿಲಿಂದ ಹಿತ್ತಿಲಿಗೆ ಕಳಿಸೋಣ," ಎಂದೆ.

ಕೆಲಸ ಅಷ್ಟೇನೂ ದೊಡ್ಡದಲ್ಲ. ಪುಟ ಇನ್ನು ಯಾರನ್ನೂ ಕಾಯಿಸುವುದಿಲ್ಲ. ಹಿಂದೆ ಕೂತು ಪ್ಲಗಿನ್ ತನ್ನ ಪಾಡಿಗೆ ಐದು ನಿಮಿಷಕ್ಕೊಮ್ಮೆ ಚಿಕ್ಕಪ್ಪನ ಫೋನನ್ನು ಕೇಳಿ, ಸಿಕ್ಕ ಉತ್ತರವನ್ನು ಬರೆದಿಡುತ್ತದೆ. ಉತ್ತರ ಸಿಗದಿದ್ದರೆ ಹಳೆಯದೇ ಇರುತ್ತದೆ, ಪಕ್ಕದಲ್ಲಿ ಅದು ಎಷ್ಟು ಹೊತ್ತಿನದು ಎಂದು ಕಾಣುತ್ತದೆ. ಚಿಕ್ಕಮ್ಮನಿಗೆ ಮಾತ್ರ ತೆರೆಯುವ ಬೇರೆ ಪುಟವೊಂದನ್ನು ಮಾಡಿದೆ. ಅವಳು ಅದನ್ನು ಸಾವಿರ ಸಲ ಎಳೆದರೂ ಯಾವ ಕಿಟಕಿಯೂ ಮುಚ್ಚುವುದಿಲ್ಲ.

"ಅಂದ್ರೆ ಇದರಲ್ಲಿ ಕಾಣೋದು ಐದು ನಿಮಿಷ ಹಳೇ ಗಂಡ," ಎಂದಳು, ಪರೀಕ್ಷೆ ಮಾಡಿ ನೋಡುತ್ತಾ.

"ಸದ್ಯಕ್ಕೆ ಸಿಗೋದು ಅಷ್ಟೇ."

ಮೊದಲ ಸಲ ಸ್ವಲ್ಪ ನಕ್ಕಳು. ಆಮೇಲೆ, "ಅವರಿಗೆ ಹೇಳಬೇಡ," ಎಂದಳು. ನಾನು ಹೂಂ ಎಂದೆ.

ಚಿಕ್ಕಪ್ಪ ಬಂದಾಗ ಗಂಟೆ ಒಂದಾಗಿತ್ತು. ಚೀಲ ಇಳಿಸಿ, ಕೈ ತೊಳೆದು, "ಸಿಕ್ಕಿದ್ನಾ ಕಳ್ಳ?" ಎಂದರು.

"ಸಿಕ್ಕಿದ ಚಿಕ್ಕಪ್ಪ. ನಿಮ್ಮ ಆ ಮೂರು ಬೀಗ..." ಎಂದು ನಾನು ಶುರುಮಾಡಿದೆ.

"ಅಲ್ಲ," ಎಂದಳು ಚಿಕ್ಕಮ್ಮ. "ಕಳ್ಳ ಅಲ್ಲ, ನಾನು." ಹೇಳಬೇಡ ಎಂದವಳು ತಾನೇ ಎಲ್ಲವನ್ನೂ ಹೇಳಿದಳು, ಟೈಪ್ ಮಾಡಿದ ಹಾಗೆ, ಒಂದೇ ಸಮನೆ. ಎಂಟು ತಿಂಗಳಿಂದ ನೀವು ಎಲ್ಲಿಗೆ ಹೋದರೂ ನನಗೆ ಗೊತ್ತಿತ್ತು ಎಂದಳು. ನಿಮ್ಮ ಮಾತು ಮುರಿದೆ ಎಂದಳು. ನಿಮಗೆ ಬರಬೇಕಾದ ಕೆಲಸವನ್ನೂ ನಾನೇ ತಡೆದೆ ಎಂದಳು.

ನಾನು ಚಿಕ್ಕಪ್ಪನ ಮುಖ ನೋಡಲಾರದೆ ಕೀ ಗೊಂಚಲುಗಳನ್ನು ನೋಡುತ್ತಾ ಕೂತೆ. ಅವರು ರೇಗುತ್ತಾರೆ ಎಂದುಕೊಂಡೆ. ಅವರು ನನ್ನ ಪಕ್ಕ ಬಂದು, ಕನ್ನಡಕ ಹಾಕಿಕೊಂಡು, ತೆರೆದೇ ಇದ್ದ ಪ್ರೋಗ್ರಾಮನ್ನು ನೋಡಿದರು. ಅವರಿಗೆ ಅರ್ಥವಾಗುವ ಸಾಲು ಅದರಲ್ಲಿ ಮೂರೇ. ಆ ಮೂರನ್ನು ಬೆರಳಿಟ್ಟು ಓದಿದರು.

"ನಾನು ನಿಧಾನನಾ?" ಎಂದರು.

ಅವರು ಕನ್ನಡಕ ತೆಗೆದು ಮಡಚಿದರು.

"ಅವತ್ತು ಕೆಳಗೆ ಬಿದ್ದಿದ್ದಾಗ ನನಗೆ ಪೂರ್ತಿ ಎಚ್ಚರ ತಪ್ಪಿರಲಿಲ್ಲ," ಎಂದರು. "ಏಳೋಕಾಗ್ತಿರಲಿಲ್ಲ ಅಷ್ಟೇ. ಬೆಳಿಗ್ಗೆ ನೀನು ಎಲ್ಲಿಗೆ ಅಂತ ಕೇಳಿದ್ದೆ, ನಾನು ಹೇಳಿರಲಿಲ್ಲ. ಅದೊಂದೇ ತಲೆಯಲ್ಲಿ ಓಡ್ತಿತ್ತು. ಕೇಳಿದ್ಲಲ್ಲ, ಒಂದು ಮಾತು ಹೇಳಿ ಬಂದಿದ್ರೆ ಏನಾಗ್ತಿತ್ತು ಅಂತ."

"ಮತ್ತೆ ಆಮೇಲೂ ಹೇಳಲಿಲ್ವಲ್ಲ ನೀವು," ಎಂದಳು ಚಿಕ್ಕಮ್ಮ. ಆಗ ಅವಳ ದನಿ ಒಡೆಯಿತು.

"ಹೇಳಿದ್ರೆ ನೀನು ಹೆದರ್ತೀಯ ಅಂತ ಸುಮ್ಮನಿದ್ದೆ."

ನನಗೆ ಎದ್ದುಹೋಗಬೇಕೆನಿಸಿತು, ಆದರೆ ಬಾಗಿಲಿಗೆ ಹೋಗಲು ಅವರಿಬ್ಬರ ನಡುವೆಯೇ ಹಾಯಬೇಕಿತ್ತು. ಕೂತಲ್ಲೇ ಕೂತು, ಇಲ್ಲದ ಕೆಲಸ ಮಾಡುವವಳಂತೆ ಕೀಲಿಮಣೆ ಕುಟ್ಟಿದೆ. ಕೊನೆಗೆ ಚಿಕ್ಕಪ್ಪ, "ಹೆಸರು ಹೇಳಲ್ಲ. ಬಾಗಿಲು ಯಾರದು ಅಂತ ಹೇಳಲ್ಲ. ಕೆಳಗೆ ಇಳಿಯೋ ಮುಂಚೆ ಇಳೀತಿದ್ದೀನಿ ಅಂತೀನಿ, ಮೇಲೆ ಬಂದ ಮೇಲೆ ಬಂದೆ ಅಂತೀನಿ. ಸಾಕಾ?" ಎಂದರು.

"ಸಾಕು," ಎಂದಳು.

"ಆ ಹಿತ್ತಿಲಿನದೂ ಇರಲಿ," ಎಂದರು ನನಗೆ. "ನನ್ನ ಮರೆವು ನಿನಗೆ ಗೊತ್ತಲ್ಲ."

ಸೋಮವಾರ ಅವರು ಗೋಡೌನಿಗೆ ಇನ್ನೊಂದು ತಿಂಗಳು ಬಿಟ್ಟು ಹೇಳುತ್ತೇನೆ ಎಂದರಂತೆ. ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ ಚಿಕ್ಕಮ್ಮನ ತಮ್ಮ. ನೋಡಿಕೋ ಎಂದರು. ಧೈರ್ಯದ ಮಾತೇ ಸರಿ, ಯಾಕೆಂದರೆ ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರ ದಿನಕ್ಕೆ ಮೂರು ಕರೆ ಬಂದವು. ನಾಲ್ಕನೆಯ ವಾರ ಚಿಕ್ಕಮ್ಮ ಫೋನ್ ಮಾಡಿ, "ಊಟಕ್ಕೆ ಕೂತವರನ್ನ ಎಬ್ಬಿಸಿ ಕಳಿಸಿದೆ ಕಣೇ," ಎಂದು ದೂರುವ ದನಿಯಲ್ಲಿ ಖುಷಿಪಟ್ಟಳು.

ನಾನು ಆಗೊಮ್ಮೆ ಈಗೊಮ್ಮೆ ಆ ಸೈಟಿನ ದಾಖಲೆ ತೆರೆದು ನೋಡುತ್ತೇನೆ. ಯಾರೂ ಹೇಳಿಲ್ಲ, ನನ್ನದೇ ಚಟ. ಚಿಕ್ಕಮ್ಮನ ಪುಟ ಮೊದಲು ದಿನಕ್ಕೆ ಇನ್ನೂರು ಸಲ ತೆರೆಯುತ್ತಿದ್ದದ್ದು ಹತ್ತಕ್ಕೆ ಇಳಿದಿತ್ತು. 'ಇಳೀತಿದ್ದೀನಿ', 'ಬಂದೆ' ಕೆಲಸ ಮಾಡುತ್ತಿದ್ದವು.

ಎರಡು ತಿಂಗಳ ಮೇಲೆ ಒಂದು ಬುಧವಾರ, ಹನ್ನೊಂದೂ ಹತ್ತಕ್ಕೆ ಆ ಪುಟ ತೆರೆಯಿತು. ಹತ್ತು ಸೆಕೆಂಡಿಗೆ ಮತ್ತೆ ತೆರೆಯಿತು. ಆಮೇಲೆ ನಿಲ್ಲಲೇ ಇಲ್ಲ. ನಾನು ಬೇರೆ ಗಿರಾಕಿಯ ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂತೆ. ಅವರು ಹೇಳಲು ಮರೆತಿದ್ದಾರೆ, ಅಷ್ಟೇ ಎಂದುಕೊಂಡೆ. ಹನ್ನೊಂದೂ ಹದಿನೆಂಟಕ್ಕೆ ಆ ಸಾಲುಗಳು ಅಂಗಡಿಯ ವೈಫೈಯಿಂದ ಬರುವುದು ನಿಂತು, ಮೊಬೈಲಿನ ನೆಟ್‌ನಿಂದ ಬರತೊಡಗಿದವು. ಅವಳು ಅಂಗಡಿಯಿಂದ ಹೊರಗೆ ಬಿದ್ದಿದ್ದಳು. ಈ ಸಲ ಅವಳಿಗೆ ಯಾವ ಬೀದಿ ಎಂದು ಗೊತ್ತಿತ್ತು. ಪುಟ ಪ್ರತಿ ಸಲವೂ ಒಂದೇ ಸೆಕೆಂಡಿಗೆ ತೆರೆಯುತ್ತಿತ್ತು, ಪ್ರತಿ ಸಲವೂ ಅದೇ ಹಳೆಯ ಉತ್ತರ ಕೊಡುತ್ತಿತ್ತು. ಫೋನ್ ಮಾಡೋಣವೆಂದು ಎರಡು ಸಲ ಎತ್ತಿಟ್ಟೆ. ಓಡುತ್ತಿರುವವಳನ್ನು ಏನೆಂದು ಕೇಳಲಿ?

ಹನ್ನೊಂದೂ ಮೂವತ್ತೆರಡಕ್ಕೆ ಸಾಲುಗಳು ನಿಂತವು. ಯಾಕೆ ನಿಂತವೆಂದು ದಾಖಲೆಯಲ್ಲಿ ಬರೆದಿರುವುದಿಲ್ಲ. ನನಗೇ ತಿಳಿಯದೆ ನಾನೂ ಪರದೆಯನ್ನು ಎಳೆದೆಳೆದು ಬಿಡುತ್ತಿದ್ದೆ. ಆ ನಾಲ್ಕು ಗಂಟೆ ಅವಳು ಹೇಗೆ ಕೂತಿದ್ದಳೆಂದು ನನಗೆ ಅರ್ಥವಾದದ್ದು ಆಗ.

ಫೋನ್ ರಿಂಗಾಯಿತು. ಚಿಕ್ಕಪ್ಪ.

"ಇಂಜಿನಿಯರಮ್ಮ, ಬಿಡುವಾಗಿದ್ದೀಯಾ?" ಎಂದರು. ಹಿಂದೆ ವಾಹನಗಳ ಸದ್ದು ಕೇಳುತ್ತಿತ್ತು. "ಇವತ್ತು ಹೇಳೋದು ಮರೆತು ಇಳಿದುಬಿಟ್ಟೆ. ಹಾಳು ಬೀಗ, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಮೇಲೆ ಬಂದು ನೋಡಿದ್ರೆ ಗೇಟಿನ ಹತ್ತಿರ ನಿಂತಿದ್ದಾಳೆ. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದು ಕಾಲಿಗೆ ನಂದು."

"ಈಗ ಹೇಗಿದ್ದಾಳೆ?"

"ಇಲ್ಲೇ ಕಟ್ಟೆ ಮೇಲೆ ಕೂತು ನೀರು ಕುಡೀತಿದ್ದಾಳೆ. ಮಾತಾಡ್ತಿಲ್ಲ." ಆಮೇಲೆ ದನಿ ತಗ್ಗಿಸಿದರು. "ಒಂದು ಕೇಳ್ತೀನಿ. ಅದೇನೋ ಐದು ನಿಮಿಷ ಅಂತ ಇಟ್ಟಿದ್ದೀಯಲ್ಲ, ಅದನ್ನ ಎರಡು ಮಾಡೋಕಾಗುತ್ತಾ? ಅವಳಿಗೆ ಐದು ಜಾಸ್ತಿ ಆಗುತ್ತೆ."

ಆಗುತ್ತದೆ ಎಂದೆ. ನೆಲಮಾಳಿಗೆಯಲ್ಲಿ ಎರಡಾದರೇನು, ಐದಾದರೇನು, ಸಿಗ್ನಲ್ ಇಲ್ಲದ ಕಡೆ ಏನೂ ಸಿಗುವುದಿಲ್ಲ ಎಂದು ನಾನು ಹೇಳಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಪ್ರೋಗ್ರಾಂ ತೆರೆದು ಐದನ್ನು ಅಳಿಸಿ ಎರಡು ಮಾಡಿದೆ. 'ಅವರು ನಿಧಾನ, ಅವಸರ ಮಾಡಬೇಡ' ಎಂಬ ಚಿಕ್ಕಮ್ಮನ ಸಾಲು ಅಲ್ಲೇ ಇತ್ತು. ಮುಂದೆ ಯಾರಾದರೂ ಇದನ್ನು ರಿಪೇರಿ ಮಾಡಲು ಬಂದರೆ ಗೊತ್ತಿರಲಿ ಎಂದು, ಅದರ ಕೆಳಗೆ ನನ್ನದೊಂದು ಸಾಲು ಬರೆದಿಟ್ಟೆ: 'ಎರಡು ನಿಮಿಷ. ಕಮ್ಮಿ ಮಾಡಿ ಅಂತ ಅವರೇ ಕೇಳಿದ್ದು.'